ಮಕ್ಕಳು ಆಡಿ ಮುಗಿಸಿದ ನಾಲ್ಕು ಪಂದ್ಯಗಳು

ಮೂವತ್ತು ವರ್ಷಗಳಿಂದ ಹಳಗನ್ನಡ, ನಡುಗನ್ನಡ ಕಾವ್ಯಗಳ ಪಾಠ ಹೇಳುತ್ತ ಬಂದ ನನ್ನಂಥವನು ಕಾಲ್ಚೆಂಡಿನ ಆಟವನ್ನು ಕುರಿತು, ಅದರಲ್ಲಿಯೂ ದೂರದ ಇಟಲಿ ದೇಶದ ತಂಡವೊಂದನ್ನು ಕುರಿತು ಬರೆಯಹೊರಟಿರುವುದು ಈ ಸಂಚಿಕೆಯ ವಾಚಕರಿಗೆ ಸೋಜಿಗವೆನಿಸಬಹುದು. ಛಂದಸ್ಸು ವ್ಯಾಕರಣಗಳನ್ನು ಬಿಟ್ಟು ಪಂಡಿತರಿಗೆ ಚೆಂಡಿನ ಗೊಡವೆ ಏಕೆ ಬಂದಿತೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಭಾರತದ ದ್ರೋಣಪರ್ವವನ್ನು ಪಾಠ ಹೇಳುವಾಗಲೆಲ್ಲ ನನ್ನನ್ನು ಕಾಡುತ್ತಿದ್ದ ಸಂದೇಹವೊಂದಕ್ಕೆ ಇಟಲಿಯ ಆಟದ ಬಯಲಿನಿಂದ ಒಂದು ಉತ್ತರ ದೊರಕಿತು. ಆ ಉತ್ತರವನ್ನು ಸಹೃದಯರ ಮುಂದಿಡುವುದೇ ಈ ಬರಹದ ಉದ್ದೇಶ.

ಇಟಲಿಯ ವಾಯವ್ಯ ಭಾಗದಲ್ಲಿ, ಪೋ ನದಿಯ ದಡದಲ್ಲಿ ಟ್ಯೂರಿನ್ ಎಂಬ ನಗರವಿದೆ. ಉತ್ತರ ಪಶ್ಚಿಮಗಳಲ್ಲಿ ಆಲ್ಪ್ಸ್ ಪರ್ವತಗಳ ಸಾಲು. ಊರ ತುಂಬ ಕಾರ್ಖಾನೆಗಳು. ಈ ನಗರದ ಹೆಸರನ್ನೇ ಹೊತ್ತ ಟೊರಿನೊ ಎಂಬ ಕಾಲ್ಚೆಂಡಿನ ಸಂಸ್ಥೆಯು ೧೯೦೬ರಲ್ಲಿ ಸ್ಥಾಪಿತವಾಯಿತು. ಕಡುಗೆಂಪು ಬಣ್ಣದ ಅಂಗಿಯೇ ಆ ತಂಡದ ಲಾಂಛನ. ೧೯೪೦ರ ದಶಕದಲ್ಲಿ ಫೆರುಚೊ ನೋವೊ ಎಂಬವರು ಅಧ್ಯಕ್ಷರಾಗಿದ್ದಾಗ ಈ ತಂಡವು ಇಟಲಿಯಲ್ಲಿ ಎದುರಿಲ್ಲದಂತೆ ಬೆಳೆಯಿತು. ೧೯೪೨–೪೩ರಲ್ಲಿ ರಾಷ್ಟ್ರಮಟ್ಟದ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಯುದ್ಧದ ದೆಸೆಯಿಂದ ಕ್ರಮ ತಪ್ಪಿದ ವರ್ಷಗಳು ಕಳೆದ ಮೇಲೆ ೧೯೪೫–೪೬, ೧೯೪೬–೪೭ ಮತ್ತು ೧೯೪೭–೪೮ರಲ್ಲಿ ಮತ್ತೆ ಮತ್ತೆ ಗೆದ್ದಿತು. ೧೯೪೭–೪೮ರ ಋತುವಿನಲ್ಲಂತೂ ೪೦ ಪಂದ್ಯಗಳಲ್ಲಿ ೧೨೫ ಗೋಲುಗಳನ್ನು ಹೊಡೆಯಿತು. ೧೯೪೭ರ ಮೇ ೧೧ರಂದು ಹಂಗೆರಿಯ ವಿರುದ್ಧ ಇಟಲಿಯ ರಾಷ್ಟ್ರೀಯ ತಂಡವು ಆಡಲಿಳಿದಾಗ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಟೊರಿನೊದವರೇ ಆಗಿದ್ದರೆಂದರೆ ಆ ತಂಡದ ಸಾಮರ್ಥ್ಯವನ್ನು ಬೇರೆ ಬಣ್ಣಿಸಬೇಕಾಗಿಲ್ಲ.

ತಂಡದ ನಾಯಕನು ವ್ಯಾಲೆಂಟಿನೊ ಮಝೋಲಾ. ಫಿಲಡೆಲ್ಫಿಯಾ ಎಂಬ ತಮ್ಮ ಸ್ವಂತ ಕ್ರೀಡಾಂಗಣದಲ್ಲಿ ಆಟವು ಮಂದವಾದಾಗ ಪ್ರೇಕ್ಷಕರ ನಡುವಿನಿಂದ ಒಬ್ಬನು ಕಹಳೆಯನ್ನು ಊದುತ್ತಿದ್ದನಂತೆ. ಅದನ್ನು ಕೇಳಿದೊಡನೆ ಮಝೋಲಾ ಅಂಗಿಯ ತೋಳುಗಳನ್ನು ಮೇಲಕ್ಕೆ ಮಡಿಸುತ್ತಿದ್ದನು. ಮುಂದಿನ ಕಾಲು ಗಂಟೆ ಎದುರಾಳಿಗಳಿಗೆ ಉಸಿರಾಡಲು ಎಡೆಯಿಲ್ಲ. ಯುದ್ಧದಲ್ಲಿ ಸೋತು, ಬಾಂಬಿನ ಪೆಟ್ಟಿಗೆ ಮನೆಮಾರು ಕಳೆದುಕೊಂಡು, ಹಸಿವು ಅವಮಾನಗಳನ್ನು ಉಂಡಿದ್ದ ಆ ನಾಡಿನ ಜನರಿಗೆ ಈ ಕಾಲು ಗಂಟೆಯ ಆಟವು ಎಂಥ ಧೈರ್ಯವನ್ನು ತುಂಬಿರಬೇಕೆಂಬುದನ್ನು ನಾವು ಊಹಿಸಬಹುದು. ತಂಡದ ಆಟಕ್ಕೆ ರೂಪು ಕೊಟ್ಟ ಎರ್ನೊ ಎರ್ಬ್‌ಸ್ಟೈನ್ ಹಂಗೆರಿಯ ಯೆಹೂದಿ. ೧೯೩೮ರ ಜನಾಂಗೀಯ ಕಾಯಿದೆಗಳ ದೆಸೆಯಿಂದ ಇಟಲಿಯನ್ನು ಬಿಡಬೇಕಾಗಿ ಬಂದು, ೧೯೪೪ರಲ್ಲಿ ಬುಡಾಪೆಸ್ಟಿನ ಕಡ್ಡಾಯ ದುಡಿಮೆಯ ಶಿಬಿರದಿಂದ ತಪ್ಪಿಸಿಕೊಂಡು, ಯುದ್ಧ ಮುಗಿದ ಬಳಿಕ ಮತ್ತೆ ಟ್ಯೂರಿನ್ನಿಗೆ ಬಂದು ಸೇರಿದವನು ಆತ.

ಇನ್ನು ೧೯೪೮–೪೯ರ ಋತುವಿನ ಕಥೆ. ಲೀಗಿನಲ್ಲಿ ೨೦ ತಂಡಗಳು. ಒಂದೊಂದು ತಂಡಕ್ಕೂ ೩೮ ಪಂದ್ಯಗಳು. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಏಪ್ರಿಲ್ ೩೦ರಂದು ಮಿಲಾನ್ ನಗರದಲ್ಲಿ ಇಂಟರ್ ತಂಡದೊಡನೆ ಟೊರಿನೊ ಗೋಲಿಲ್ಲದೆ ಸಮ ಮಾಡಿಕೊಂಡಿತು. ಅಲ್ಲಿಗೆ ೩೪ ಪಂದ್ಯಗಳು ಮುಗಿದು ೫೨ ಅಂಕಗಳಾಗಿದ್ದವು. ಎರಡನೆಯ ಸ್ಥಾನದಲ್ಲಿದ್ದ ಇಂಟರ್ ನಾಲ್ಕು ಅಂಕಗಳಷ್ಟು ಹಿಂದೆ ಉಳಿದಿತ್ತು. ಉಳಿದವು ನಾಲ್ಕೇ ಪಂದ್ಯಗಳು. ಈ ಬಿಡುವಿನಲ್ಲಿ ತಂಡವು ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೋಯಿತು. ಅಲ್ಲಿನ ಬೆನ್ಫಿಕಾ ತಂಡದ ನಾಯಕ ಫ್ರಾನ್ಸಿಸ್ಕೊ ಫೆರೇರಾನ ಗೌರವಾರ್ಥವಾಗಿ ಏರ್ಪಟ್ಟ ಸ್ನೇಹದ ಪಂದ್ಯವದು. ಮೇ ೩ರಂದು ನಡೆದ ಆ ಪಂದ್ಯದಲ್ಲಿ ಬೆನ್ಫಿಕಾ ೪–೩ರಿಂದ ಗೆದ್ದಿತು.

ಮರುದಿನ, ೧೯೪೯ರ ಮೇ ೪ರ ಸಂಜೆ, ಅವರು ಹಿಂದಿರುಗುತ್ತಿದ್ದ ವಿಮಾನವು ಟ್ಯೂರಿನ್ನನ್ನು ಸಮೀಪಿಸಿತು. ಮಳೆ, ಮಂಜು, ಕೆಳಗಿಳಿದ ಮೋಡ. ನಗರದ ಪೂರ್ವಕ್ಕೆ ಸುಪೆರ್ಗಾ ಎಂಬ ಬೆಟ್ಟವಿದೆ. ಅದರ ತುದಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಫಿಲಿಪ್ಪೊ ಯುವಾರಾ ಎಂಬ ವಾಸ್ತುಶಿಲ್ಪಿ ಕಟ್ಟಿದ ದೊಡ್ಡ ಇಗರ್ಜಿಯಿದೆ. ಮೋಡದಲ್ಲಿ ದಾರಿ ಕಾಣದೆ ವಿಮಾನವು ಆ ಇಗರ್ಜಿಯ ಹಿಂಬದಿಯ ಗೋಡೆಗೆ ಅಪ್ಪಳಿಸಿತು. ೩೧ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ೧೮ ಮಂದಿ ಆಟಗಾರರು. ನಾಯಕ ಮಝೋಲಾ, ಎರ್ಬ್‌ಸ್ಟೈನ್, ಇಂಗ್ಲೆಂಡಿನ ತರಬೇತುದಾರ ಲೆಸ್ಲಿ ಲೀವ್ಸ್‌ಲಿ, ಒಡಹುಟ್ಟಿದವರಾದ ಆಲ್ಡೊ ಬಲ್ಲಾರಿನ್ ಮತ್ತು ದೀನೊ ಬಲ್ಲಾರಿನ್, ಮೂವರು ಪತ್ರಕರ್ತರು, ವಿಮಾನದ ಸಿಬ್ಬಂದಿ, ಎಲ್ಲರೂ ಒಂದೇ ಗಳಿಗೆಯಲ್ಲಿ ಇಲ್ಲವಾದರು. ಮೊಳಕಾಲಿನ ಗಾಯದಿಂದಾಗಿ ಪಯಣ ಹೊರಡದೆ ಉಳಿದ ಸೌರೊ ತೋಮಾ ಎಂಬ ಆಟಗಾರನು ತೊಂಬತ್ತು ದಾಟುವವರೆಗೆ ಬದುಕಿದ್ದು ೨೦೧೮ರಲ್ಲಿ ತೀರಿಕೊಂಡನು.

ಇಟಲಿಗೆ ೧೯೩೪ ಮತ್ತು ೧೯೩೮ರಲ್ಲಿ ವಿಶ್ವಕಪ್ಪನ್ನು ಗೆದ್ದುಕೊಟ್ಟ ಹಿರಿಯ ತರಬೇತುದಾರ ವಿತ್ತೋರಿಯೊ ಪೊಝೊ ಬೆಟ್ಟವನ್ನೇರಿ ದೇಹಗಳನ್ನು ಒಂದೊಂದಾಗಿ ಗುರುತಿಸಿಕೊಟ್ಟರು. ಅವರಲ್ಲಿ ಅನೇಕರು ಪೊಝೊ ಅವರ ಕೈಕೆಳಗೆ ದೇಶಕ್ಕಾಗಿ ಆಡಿದ ಹುಡುಗರು. ತಾನು ತಿದ್ದಿದ ಶಿಷ್ಯರ ಮುಖವನ್ನು ಗುರುವೇ ಹೀಗೆ ಗುರುತಿಸಬೇಕಾಗಿ ಬರುವುದಕ್ಕಿಂತ ಕ್ರೂರವಾದ ಕರ್ತವ್ಯ ಬೇರೆ ಇರಲಾರದು. ಮೇ ೬ರಂದು ನಡೆದ ಶವಯಾತ್ರೆಗೆ ಸುಮಾರು ಐದು ಲಕ್ಷ ಜನ ಸೇರಿದ್ದರು. ಕಾಲ್ಚೆಂಡಿನ ಒಕ್ಕೂಟದ ಅಧ್ಯಕ್ಷ ಒತ್ತೋರಿನೊ ಬರಾಸ್ಸಿ ಪಂದ್ಯಕ್ಕೆ ಮುನ್ನ ತಂಡವನ್ನು ಓದುವಂತೆ ಆಟಗಾರರ ಹೆಸರುಗಳನ್ನು ಒಂದೊಂದಾಗಿ ಕೂಗಿದರು. ಓಗೊಡುವವರು ಇರಲಿಲ್ಲ. ಮಝೋಲಾನ ಹಿರಿಯ ಮಗ ಸಾಂಡ್ರೊನಿಗೆ ಆಗ ಆರು ವರ್ಷ.

ಒಕ್ಕೂಟವು ಟೊರಿನೊವನ್ನೇ ಆ ವರ್ಷದ ವಿಜೇತ ತಂಡವೆಂದು ಸಾರಿತು. ಆದರೆ ನಾಲ್ಕು ಪಂದ್ಯಗಳು ಉಳಿದೇ ಇದ್ದವಲ್ಲ? ಅವುಗಳನ್ನು ರದ್ದುಪಡಿಸಬಹುದಿತ್ತು, ತಂಡವೇ ಇಲ್ಲವಾದ ಮೇಲೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಟೊರಿನೊ ಆ ದಾರಿಯನ್ನು ಹಿಡಿಯಲಿಲ್ಲ. ತನ್ನ ಕಿರಿಯರ ತಂಡವನ್ನು, ಅಂದರೆ ಇನ್ನೂ ಕಲಿಯುತ್ತಿದ್ದ ಹುಡುಗರನ್ನು, ಆ ಕಡುಗೆಂಪು ಅಂಗಿಗಳಲ್ಲಿ ಬಯಲಿಗಿಳಿಸಿತು. ಆಗ ಎದುರಾಳಿಗಳು ಮಾಡಿದ್ದೇನು? ಜೆನೋವಾ ತಂಡವು ತನ್ನ ಪಳಗಿದ ಆಟಗಾರರನ್ನು ಹಿಂದಿರಿಸಿಕೊಂಡು ತಾನೂ ಕಿರಿಯರನ್ನೇ ಕಳುಹಿಸಿತು. ಅದರ ಹಿಂದೆ ಪಲೆರ್ಮೊ, ಸಂಪ್ದೋರಿಯಾ, ಫಿಯೊರೆಂಟಿನಾ ತಂಡಗಳೂ ಹಾಗೆಯೇ ಮಾಡಿದವು. ಮೇ ೧೫ರಂದು ಜೆನೋವಾದ ಮೇಲೆ ೪–೦. ಬಳಿಕ ಪಲೆರ್ಮೊದ ಮೇಲೆ ೩–೦, ಸಂಪ್ದೋರಿಯಾದ ಮೇಲೆ ೩–೨, ಕೊನೆಗೆ ಫಿಯೊರೆಂಟಿನಾದ ಮೇಲೆ ೨–೦. ನಾಲ್ಕನ್ನೂ ಟೊರಿನೊದ ಮಕ್ಕಳು ಗೆದ್ದರು.

ಈ ವೃತ್ತಾಂತವನ್ನು ನನಗೆ ಮೊದಲು ಹೇಳಿದವರು ನನ್ನ ಸಹೋದ್ಯೋಗಿಗಳಾದ ದೈಹಿಕ ಶಿಕ್ಷಕರು. ಅಂತರಶಾಲಾ ಪಂದ್ಯಗಳು ನಡೆಯುತ್ತಿದ್ದ ಒಂದು ಮಧ್ಯಾಹ್ನ ಬಯಲಿನ ಅಂಚಿನಲ್ಲಿ ಕುಳಿತು ಅವರು ಹೇಳಿ ಮುಗಿಸಿದಾಗ ನನ್ನ ಮನಸ್ಸು ನೇರವಾಗಿ ಚಕ್ರವ್ಯೂಹದ ಕಡೆಗೆ ಓಡಿತು. ಅಭಿಮನ್ಯುವಿನ ಪ್ರಸಂಗವನ್ನು ಪಾಠ ಹೇಳುವಾಗ ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ಹದಿನಾರು ವರ್ಷದವನ ಮೇಲೆ ಅಷ್ಟೊಂದು ಮಂದಿ ಹಿರಿಯರು ಬೀಳುವ ಬದಲು ಅವನ ವಯಸ್ಸಿನವರನ್ನೇ ಕಳುಹಿಸಬಹುದಿತ್ತಲ್ಲವೇ?” ಎಂದು ಕೇಳಿದ್ದನು. ಕೌರವರ ಕಡೆಯಿಂದ ಸಮವಯಸ್ಕನೊಬ್ಬನು ಬಂದಿದ್ದನೆಂದು ನಾನು ಅವನಿಗೆ ನೆನಪು ಮಾಡಿಕೊಟ್ಟೆನು. ದುರ್ಯೋಧನನ ಮಗ ಲಕ್ಷ್ಮಣಕುಮಾರನು ಬಂದನು, ಕಾದಿದನು, ಅಭಿಮನ್ಯುವಿನ ಕೈಯಲ್ಲಿ ಮಡಿದನು. ಅದಾದ ಮೇಲೆಯೇ ದುರ್ಯೋಧನನು ಕೆರಳಿ, ಈ ಹುಡುಗನನ್ನು ಕೊಲ್ಲಿರೆಂದು ಮಹಾರಥರನ್ನು ಕೂಗಿದ್ದು. ಆಮೇಲೆ ಬಿಲ್ಲು ಹೋಯಿತು, ಸಾರಥಿ ಹೋದನು, ರಥ ಹೋಯಿತು. ಒಬ್ಬನ ಮೇಲೆ ಆರು ಮಂದಿ.

“ಹಾಗಾದರೆ ತಮ್ಮವನು ಸೋಲುವವರೆಗೆ ಮಾತ್ರ ಧರ್ಮವೇ?” ಎಂದು ಆ ಹುಡುಗನು ಮತ್ತೆ ಕೇಳಿದನು. ವ್ಯಾಖ್ಯಾನಗಳಲ್ಲಿ ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಯುದ್ಧಾರಂಭಕ್ಕೆ ಮುನ್ನ ಉಭಯ ಪಕ್ಷಗಳೂ ಸೇರಿ ನಿಯಮಗಳನ್ನು ಮಾಡಿಕೊಂಡಿದ್ದವು: ರಥಿಕನಿಗೆ ರಥಿಕನೇ ಎದುರಾಗಬೇಕು, ಕಾಲಾಳಿಗೆ ಕಾಲಾಳೇ ಎದುರಾಗಬೇಕು. ಆ ನಿಯಮವನ್ನು ಬಲ್ಲವರೇ, ಶಾಸ್ತ್ರವನ್ನು ಕಲಿಸಿದ ಆಚಾರ್ಯರೇ ವ್ಯೂಹದ ಒಳಗೆ ಇದ್ದರು. ಸೋಲಿನ ಮುಖ ಕಂಡೊಡನೆ ಅದು ಯಾರ ನೆನಪಿಗೂ ಬರಲಿಲ್ಲ.

ಟ್ಯೂರಿನ್ನಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಅಂಶ. ಹಿರಿಯರನ್ನು ಹಿಂದಿರಿಸಬೇಕೆಂಬ ನಿಯಮ ಲೀಗಿನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ದುಃಖದ ಮೊದಲ ಬಿಸಿಯಲ್ಲಿ ಒಂದು ತಂಡವು ಔದಾರ್ಯ ತೋರಿದರೆ ಅದು ದೊಡ್ಡ ಮಾತಲ್ಲವೆನ್ನಬಹುದು. ಆದರೆ ಜೆನೋವಾದ ಹುಡುಗರು ನಾಲ್ಕು ಗೋಲುಗಳಿಂದ ಸೋತದ್ದನ್ನು ಕಂಡ ಮೇಲೆಯೂ ಪಲೆರ್ಮೊ ತನ್ನ ಹುಡುಗರನ್ನೇ ಕಳುಹಿಸಿತು. ಅವರೂ ಸೋತರು, ಆದರೂ ಸಂಪ್ದೋರಿಯಾ ಹುಡುಗರನ್ನೇ ಕಳುಹಿಸಿತು. ಅವರೂ ಸೋತ ಮೇಲೆ ಫಿಯೊರೆಂಟಿನಾ ಕೂಡ ಆ ಕ್ರಮವನ್ನು ತಪ್ಪಿಸಲಿಲ್ಲ. ತಮ್ಮ ಲಕ್ಷ್ಮಣಕುಮಾರರು ಒಬ್ಬರಾದ ಮೇಲೊಬ್ಬರು ಸೋತರೂ ಯಾರೂ ಮಹಾರಥರನ್ನು ಕೂಗಲಿಲ್ಲ. ಕುರುಕ್ಷೇತ್ರದಲ್ಲಿ ನಿಯಮವಿತ್ತು, ಪಾಲಿಸುವವರು ಉಳಿಯಲಿಲ್ಲ. ಇಲ್ಲಿ ನಿಯಮವಿರಲಿಲ್ಲ, ಪಾಲಿಸಿದವರು ನಾಲ್ಕು ತಂಡದವರು.

ಇದಕ್ಕೊಂದು ಆಕ್ಷೇಪವಿದೆ. ನಾನು ಈ ಕಥೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ಹೇಳಿದಾಗ ಗಣಿತದ ಮೇಷ್ಟರು ತಕ್ಷಣ ಹೇಳಿದರು: “ಪ್ರಶಸ್ತಿ ಹೇಗೂ ತೀರ್ಮಾನವಾಗಿತ್ತು, ಪಂಡಿತರೇ. ಕಳೆದುಕೊಳ್ಳುವುದೇನೂ ಇಲ್ಲದವರು ಧರ್ಮಿಷ್ಠರಾಗುವುದು ಸುಲಭ. ಅನಾಥರ ಮೇಲಿನ ಕನಿಕರವೇ ಹೊರತು ಅದು ಆಟವಲ್ಲ.” ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆ ಪಂದ್ಯಗಳ ಅಂಕಗಳು ಲೆಕ್ಕಕ್ಕೆ ಬಂದವು. ಸೋತವರ ಪಟ್ಟಿಯಲ್ಲಿ ಸೋಲು ಸೋಲೆಂದೇ ಬರೆಯಲ್ಪಟ್ಟಿತು. ಇನ್ನು ಕನಿಕರದ ಮಾತು. ಕನಿಕರವೇ ಆಗಿದ್ದರೆ ಎದುರಾಳಿಗಳು ಕೈಕಟ್ಟಿ ನಿಂತು ಗೋಲುಗಳನ್ನು ಬಿಟ್ಟುಕೊಡಬಹುದಿತ್ತು. ಸಂಪ್ದೋರಿಯಾದ ಹುಡುಗರು ಎರಡು ಗೋಲು ಹೊಡೆದು ಒಂದೇ ಗೋಲಿನ ಅಂತರದಲ್ಲಿ ಸೋತರೆಂಬುದನ್ನು ನಾವು ಮರೆಯಲಾಗದು. ಕನಿಕರವು ಎದುರಿಗಿರುವವನನ್ನು ತನಗಿಂತ ಕೆಳಗಿಟ್ಟು ನೋಡುತ್ತದೆ. ಗೌರವವು ತನ್ನ ಸಮಕ್ಕೆ ನಿಲ್ಲಿಸಿ, ಇನ್ನು ಆಡೆಂದು ಹೇಳುತ್ತದೆ. ತಂದೆಯಂಥವರನ್ನು ಕಳೆದುಕೊಂಡ ಆ ಹುಡುಗರಿಗೆ ಗೆಲುವನ್ನು ದಾನವಾಗಿ ಕೊಟ್ಟಿದ್ದರೆ ಅದು ಇನ್ನೊಂದು ಅವಮಾನವಾಗುತ್ತಿತ್ತು. ಅವರಿಗೆ ದೊರಕಿದ್ದು ಗೆಲ್ಲುವ ಅವಕಾಶ. ಗೆಲುವನ್ನು ಅವರೇ ದುಡಿದುಕೊಂಡರು. ಗಣಿತದ ಮೇಷ್ಟರು ಇದನ್ನು ಪೂರ್ತಿ ಒಪ್ಪಿದರೆಂದು ನಾನು ಹೇಳಲಾರೆ. ಸಂಪ್ದೋರಿಯಾದ ಎರಡು ಗೋಲುಗಳು ತಮಗೆ ಗೊತ್ತಿರಲಿಲ್ಲವೆಂದಷ್ಟೆ ಅಂದು ಚಹಾ ಮುಗಿಸಿದರು.

ಈ ಧರ್ಮಾಚರಣೆಯಿಂದ ದುಃಖವೇನೂ ಕಡಿಮೆಯಾಗಲಿಲ್ಲವೆಂಬುದನ್ನೂ ಹೇಳಬೇಕು. ೧೯೫೦ರ ವಿಶ್ವಕಪ್ಪಿಗೆ ಇಟಲಿಯ ತಂಡವು ಬ್ರೆಜಿಲಿಗೆ ವಿಮಾನದಲ್ಲಿ ಹೋಗಲೊಲ್ಲದೆ ಹಡಗಿನಲ್ಲಿ ಹೋಯಿತು. ಅಲ್ಲಿ ಸ್ವೀಡನ್ನಿಗೆ ಸೋತು ಬೇಗನೆ ಹಿಂದಿರುಗಿತು. ಟೊರಿನೊ ಮತ್ತೆ ಮೊದಲಿನ ಎತ್ತರಕ್ಕೆ ಏರಲಿಲ್ಲ. ೧೯೫೯ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಮುಂದಿನ ಪ್ರಶಸ್ತಿಗಾಗಿ ೧೯೭೬ರವರೆಗೆ ಕಾಯಬೇಕಾಯಿತು. ಕಹಳೆ ಮೊಳಗಿದ ಫಿಲಡೆಲ್ಫಿಯಾ ಕ್ರೀಡಾಂಗಣವು ಪಾಳುಬಿದ್ದು, ೧೯೯೦ರ ದಶಕದಲ್ಲಿ ಬಹುಪಾಲು ಕೆಡವಲ್ಪಟ್ಟು, ೨೦೧೭ರಲ್ಲಿ ಹೊಸದಾಗಿ ತೆರೆಯಿತು. ಆರು ವರ್ಷದ ಸಾಂಡ್ರೊ ಬೆಳೆದು ಇಂಟರ್ ತಂಡದಲ್ಲಿ ಆಡಿ, ೧೯೬೪ರ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಗೋಲುಗಳನ್ನು ಹೊಡೆದನು. ಪ್ರತಿ ವರ್ಷ ಮೇ ೪ರಂದು ಟೊರಿನೊದ ಆಟಗಾರರು ಸುಪೆರ್ಗಾ ಬೆಟ್ಟವನ್ನೇರುತ್ತಾರೆ. ಇಗರ್ಜಿಯ ಹಿಂದಿನ ಕಲ್ಲಿನ ಮುಂದೆ ನಿಂತು ತಂಡದ ನಾಯಕನು ಮಡಿದವರ ಹೆಸರುಗಳನ್ನು ಓದುತ್ತಾನೆ.

ಅಧ್ಯಾಪಕರಾದ ನಾವು ಮಕ್ಕಳಿಗೆ ಎರಡು ಬಗೆಯ ಅನ್ಯಾಯ ಮಾಡಬಲ್ಲೆವು. ಅವರ ಬಲಕ್ಕೆ ಮೀರಿದ ವ್ಯೂಹದೊಳಕ್ಕೆ ನೂಕಿ ಹೊರಬರುವ ದಾರಿಯನ್ನು ಕಲಿಸದೆ ಬಿಡುವುದು ಒಂದು. ಪಾಪ, ಮಕ್ಕಳೆಂದು ಅವರ ಪಾಲಿನ ಪಂದ್ಯವನ್ನು ನಾವೇ ಆಡಿ ಮುಗಿಸುವುದು ಇನ್ನೊಂದು. ೧೯೪೯ರ ಆ ಬೇಸಗೆಯಲ್ಲಿ ಇಟಲಿಯ ಐದು ತಂಡಗಳ ಹಿರಿಯರು ಎರಡನ್ನೂ ಮಾಡಲಿಲ್ಲ. ಬಯಲನ್ನು ಸಮ ಮಾಡಿ ಕೊಟ್ಟು ಬದಿಗೆ ಸರಿದು ನಿಂತರು.

ಆ ಋತುವಿನ ಅಂಕಪಟ್ಟಿಯಲ್ಲಿ ಟೊರಿನೊದ ಹೆಸರಿನ ಮುಂದೆ ೬೦ ಎಂದಿದೆ. ಎರಡನೆಯ ಸ್ಥಾನದ ಇಂಟರಿಗೆ ೫೫. ಆ ಅರುವತ್ತರಲ್ಲಿ ೫೨ ಅಂಕಗಳು ಬೆಟ್ಟದ ಮೇಲೆ ಮಡಿದ ಹಿರಿಯರವು, ೮ ಅಂಕಗಳು ಮಕ್ಕಳವು. ಪಟ್ಟಿಯು ಅವನ್ನು ಬೇರೆ ಬೇರೆಯಾಗಿ ತೋರಿಸುವುದಿಲ್ಲ. ಕೂಡಿಸಿ ಒಂದೇ ಮೊತ್ತವಾಗಿ ಬರೆದಿದೆ.