ನೇಗಿಲು, ಎತ್ತು ಮತ್ತು ಕತ್ತಿ

ವೀರಭದ್ರದೇವರ ಗುಡಿಯ ಮುಂದೆ ಪುರವಂತರು ಕತ್ತಿ ಝಳಪಿಸಿ ಒಡಪು ಹೇಳುವುದನ್ನು ನೋಡುತ್ತ ಬೆಳೆದವರು ನಾವು. ತಿಪಟೂರು ಕಡೆಯ ನಮ್ಮ ಮನೆತನದಲ್ಲಿ ಮೂರು ತಲೆಮಾರು ವೀರಗಾಸೆ ಕಟ್ಟಿದವರುಂಟು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರಕ್ಕೆ ಕೈಯೊಡ್ಡಿದ ಮೇಲೆ ನಮ್ಮ ಪಾಲಿನ ಕತ್ತಿ ಗೋಡೆಯ ಮೊಳೆಗೆ ಸೇರಿತು. ಊರಿನಲ್ಲಿ ಈಗ ಒಡಪು ಪೂರ್ಣವಾಗಿ ಬಲ್ಲವರು ನಮ್ಮ ದೊಡ್ಡಪ್ಪನವರೊಬ್ಬರೇ. ಅವರಿಗೆ 81 ವರ್ಷ.

ಹೀಗಿರುವಾಗ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿರುವ ನಮ್ಮ ಚಿರಂಜೀವಿಯು ಯುರೋಪಿನ ಹಳೆಯ ಖಡ್ಗವಿದ್ಯೆಗೆ ಮನಸೋತನು. ಇದು ಚೆನ್ನೈನ ಭವಾನಿ ದೇವಿ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಭಾರತದಿಂದ ಮೊದಲ ಬಾರಿಗೆ ಆಡಿದ ಫೆನ್ಸಿಂಗ್ ಅಲ್ಲ. ಎರಡೂ ಕೈಯಲ್ಲಿ ಹಿಡಿಯುವ, ಸುಮಾರು ಒಂದೂವರೆ ಕಿಲೋ ತೂಕದ ಉದ್ದಗತ್ತಿಯ ವಿದ್ಯೆ. ಅದರ ಗುರುಪರಂಪರೆ ಶತಮಾನಗಳ ಹಿಂದೆಯೇ ಕಡಿದುಹೋಗಿದ್ದು, ಹಳೆಯ ಗ್ರಂಥಗಳ ಬರಹ, ಚಿತ್ರಗಳನ್ನು ನೋಡಿ ಈಗಿನವರು ಮರಳಿ ಕಟ್ಟುತ್ತಿರುವರು. ಅಂತಹ ಗ್ರಂಥವೊಂದನ್ನು 1570ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಅಚ್ಚು ಹಾಕಿಸಿದ ಯೋಆಕಿಮ್ ಮೈಯರನು ವೃತ್ತಿಯಿಂದ ಚೂರಿ ಮಾಡುವವನು. ಕಬ್ಬಿಣದೊಡನೆ ಬಾಳಿದ ನಮಗೆ ಆತನ ಮೇಲೆ ಅದೇಕೋ ಸಲಿಗೆ ಹುಟ್ಟಿತು.

ಜರ್ಮನರ ಪದ್ಧತಿಯಲ್ಲಿ ಮೂಲ ನಿಲುವುಗಳು ನಾಲ್ಕು. ಅವುಗಳ ಹೆಸರು ಕೇಳಿದರೆ ಒಕ್ಕಲು ಮಕ್ಕಳಾದ ಬಂಧುಗಳಿಗೆ ನಗು ಬಂದೀತು. ಹಿಡಿಯನ್ನು ಸೊಂಟದ ಬಳಿಯಿರಿಸಿ ಮೊನೆಯನ್ನು ಎದುರಾಳಿಯ ಮುಖದತ್ತ ಎತ್ತಿದರೆ ಅದು ‘ನೇಗಿಲು’. ಹಿಡಿಯನ್ನು ತಲೆಯ ಪಕ್ಕಕ್ಕೇರಿಸಿ ಮೊನೆಯನ್ನು ಕೊಂಬಿನಂತೆ ಚಾಚಿದರೆ ‘ಎತ್ತು’. ಭುಜದ ಬಳಿಯೋ ತಲೆಯ ಮೇಲೋ ಎತ್ತಿ ಹಿಡಿದರೆ ‘ಸೂರು’. ಮೊನೆಯನ್ನು ನೆಲಕ್ಕಿಳಿಸಿ ಮೈತೆರೆದು ನಿಂತರೆ ‘ಮಂಕ’. ನಿಜಕ್ಕೂ ಮಂಕನೆಂದು ಬಗೆದು ನುಗ್ಗಿದವನೇ ಸಿಕ್ಕಿಬೀಳುವನು.

ತಾರಸಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಮೇಲೆರಡು, ಕೆಳಗೆರಡು ಅಂಕಿಗಳನ್ನು ಬರೆದು, ಆ ಕ್ರಮದಲ್ಲಿಯೇ ಗಾಳಿಯಲ್ಲಿ ಕತ್ತಿ ಬೀಸುವುದು ಮೈಯರನ ಪಾಠ. ಬಲದ ಹೊಡೆತಕ್ಕೆ ಬಲಗಾಲು ಮುಂದೆ ಬರಬೇಕು, ಆದರೆ ಕಾಲಿಗಿಂತ ಮೊದಲು ಕತ್ತಿ ಹೊರಡಬೇಕು. ಕಾಲು ಮುಂಚೆ ಹೋದರೆ ತಲೆಯನ್ನೇ ಒಪ್ಪಿಸಿದಂತೆ. ಇಬ್ಬರು ಕಲೆತಾಗ ಜಾಲರಿಯ ಮುಖಗವಸು, ದಪ್ಪ ಕೈಗವಸು, ಹರಿತವಿಲ್ಲದ ಬಳುಕುವ ಉಕ್ಕು. ಅಲಗಿಗೆ ಅಲಗು ತಾಗಿದೊಡನೆ ಎದುರಿನ ಒತ್ತಡ ಗಟ್ಟಿಯೋ ಸಡಿಲವೋ ಎಂಬುದನ್ನು ಕೈಯಿಂದಲೇ ಅರಿಯಬೇಕು. ಗಟ್ಟಿಯಾದರೆ ಬಿಟ್ಟುಕೊಟ್ಟು ಬಳಸಿ ಬರುವುದು, ಸಡಿಲವಾದರೆ ಒತ್ತಿ ನುಗ್ಗುವುದು. ಉಳಿಯು ಲೋಹಕ್ಕೆ ತಾಗುವಾಗ ಲೇತಿನವನ ಕೈಗೂ ಇಂಥದೇ ಸುದ್ದಿ ಬರುತ್ತದೆ.

ಶರಣರ ಮನೆಯಲ್ಲಿ ಕತ್ತಿವರಸೆಯೇ ಎಂದು ನೆಂಟರು ಆಕ್ಷೇಪಿಸಿದರು. ವೀರಗಾಸೆಯವರ ಕೈಯಲ್ಲಿರುವುದೇನು ಎಂದು ಕೇಳಿ ಸುಮ್ಮನಾಗಿಸಿದೆವು. ನಮ್ಮನ್ನು ಕೊರೆದ ಸಂಗತಿಯೇ ಬೇರೆ. ಗುರುವಿಲ್ಲದ ವಿದ್ಯೆಯನ್ನು ಪರದೇಶದವರು ಪುಸ್ತಕದಿಂದ ಹೆಕ್ಕಿ ತೆಗೆಯುತ್ತಿದ್ದರೆ, ಗುರು ಇನ್ನೂ ಉಸಿರಾಡುತ್ತಿರುವ ವಿದ್ಯೆ ನಮ್ಮ ಅಂಗಳದಲ್ಲಿಯೇ ಆರುತ್ತಿತ್ತು. ಇದನ್ನು ಮಗನಿಗೆ ಒಮ್ಮೆ ಮಾತ್ರ ಹೇಳಿದೆವು.

ಕಳೆದ ಕಾರ್ತಿಕದಲ್ಲಿ ಅವನು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದನು. ಅವನ ‘ನೇಗಿಲು’ ನಿಲುವನ್ನು ಕಂಡ ದೊಡ್ಡಪ್ಪನವರು, ನೆಲ ಕಾಣದ ನೇಗಿಲಿದು ಎಂದು ನಕ್ಕರಂತೆ. ಬಳಿಕ ಕರಡೆ, ಸಂಬಾಳದ ಪೆಟ್ಟಿಗೆ ನಿಲ್ಲಿಸಿದರು. ಹೆಜ್ಜೆ ಎರಡೇ ದಿನದಲ್ಲಿ ಕೂಡಿಬಂತು. ಒಡಪು ಮಾತ್ರ ಇನ್ನೂ ನಾಲಗೆಗೆ ಹತ್ತಿಲ್ಲ. ದೊಡ್ಡಪ್ಪನವರಿಗೆ ಮಾಘದಿಂದೀಚೆಗೆ ಉಬ್ಬಸ. ಆದರೂ ಭಾನುವಾರಗಳಂದು ಫೋನಿನಲ್ಲಿ ಪಾಠ ಸಾಗಿದೆ.