ಆರು ಗಂಟೆ ಎರವಲು ಸಿಗುವ ಕಡಲ ಹಾದಿ

ಮಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿಗಾಗಿ ಮಕ್ಕಳು ಜಗಳವಾಡುವುದನ್ನು ನೀವು ನೋಡಿರಬಹುದು. ಮರವಂತೆ ಬರುತ್ತಲೇ ನಿದ್ದೆ ಹೋದವರೂ ಕಣ್ಣು ಬಿಡುತ್ತಾರೆ. ಹಾಗೆಯೇ ಎಡಕ್ಕೆ ಕಡಲು, ಬಲಕ್ಕೆ ಬೆಟ್ಟ ಇರುವ, ಉತ್ತರಕ್ಕೆ ಸಾಗುವ ಇನ್ನೊಂದು ರಸ್ತೆಯನ್ನು ಈಗ ಕಣ್ಣ ಮುಂದೆ ತಂದುಕೊಳ್ಳಿ. ಆದರೆ ಅಲ್ಲಿ ಬಸ್ಸಿಲ್ಲ, ಕಾರಿಲ್ಲ. ವರ್ಷದಲ್ಲಿ ಒಂದು ಭಾನುವಾರ, ಏಪ್ರಿಲ್ ತಿಂಗಳ ಕೊನೆಯಲ್ಲಿ, ಆ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ಕಾಲ್ನಡಿಗೆಯ ಜನರಿಗೆ ಬಿಟ್ಟುಕೊಡುತ್ತಾರೆ. ಅವರು 26.2 ಮೈಲಿ, ಅಂದರೆ 42 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ ಓಡಿಕೊಂಡು ಬರುತ್ತಾರೆ. ಇದು ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗ್ ಸರ್ ಮ್ಯಾರಥಾನ್.

ಹೆಸರಿನಲ್ಲೇ ಒಂದು ಕಥೆಯಿದೆ. 'ಸರ್' ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ದಕ್ಷಿಣ. ಮಾಂಟೆರೆ ಪಟ್ಟಣದಲ್ಲಿ ನೆಲೆಸಿದ್ದ ಸ್ಪ್ಯಾನಿಷರು ತಮ್ಮ ದಕ್ಷಿಣಕ್ಕೆ ಇದ್ದ ಕಾಡು ಬೆಟ್ಟಗಳ ನಾಡನ್ನು 'ದಕ್ಷಿಣದ ದೊಡ್ಡ ಪ್ರದೇಶ' ಎನ್ನುತ್ತಿದ್ದರು. ಅದರಲ್ಲಿ ಅರ್ಧ ಇಂಗ್ಲಿಷಾಗಿ, ಅರ್ಧ ಹಾಗೆಯೇ ಉಳಿದು 'ಬಿಗ್ ಸರ್' ಆಯಿತು. ಅಲ್ಲಿ ಬೆಟ್ಟಗಳು ಕಡಲಿನಿಂದಲೇ ನೇರವಾಗಿ ಎದ್ದು ನಿಂತಿವೆ. ನಮ್ಮ ಕರಾವಳಿಯಂತೆ ನಡುವೆ ತೆಂಗಿನ ತೋಟಕ್ಕೂ ಗದ್ದೆಗೂ ಜಾಗವಿಲ್ಲ. ಹೀಗಾಗಿ ಬಹುಕಾಲ ಅಲ್ಲಿಗೆ ಸರಿಯಾದ ರಸ್ತೆಯೇ ಇರಲಿಲ್ಲ. ಮಳೆಗಾಲದಲ್ಲಿ ಒಳಗಿನ ಮಣ್ಣು ದಾರಿ ಕೆಟ್ಟರೆ ಅಲ್ಲಿನ ಕುಟುಂಬಗಳು ಹೊರಲೋಕದಿಂದ ದೂರವಾಗಿಬಿಡುತ್ತಿದ್ದವು. ಬಂಡೆಗಳನ್ನು ಸಿಡಿಸಿ ಕಡಲಂಚಿನಲ್ಲಿ ಹೆದ್ದಾರಿ ಕೊರೆಯಲು 18 ವರ್ಷ ಹಿಡಿಯಿತು. ಆ ಕೆಲಸದಲ್ಲಿ ಜೈಲಿನ ಕೈದಿಗಳೂ ಬೆವರು ಸುರಿಸಿದ್ದಾರೆ. 1937ರಲ್ಲಿ ರಸ್ತೆ ಸಂಚಾರಕ್ಕೆ ತೆರೆಯಿತು. ಸುಂದರವಾದ ರಸ್ತೆಗಳನ್ನು ಕಂಡಾಗ ಅವುಗಳನ್ನು ಕಡಿದವರು ಯಾರೆಂದು ಕೇಳುವ ಅಭ್ಯಾಸ ನಮಗಿಲ್ಲ. ಹಾಗಾಗಿ ಇಷ್ಟು ಹೇಳಿದೆ.

ಈ ಓಟ ಶುರುವಾದುದು ಒಂದು ಫಲಕದಿಂದ. ನ್ಯಾಯಾಧೀಶರಾಗಿದ್ದ ವಿಲಿಯಂ ಬರ್ಲಿ ಎಂಬವರು ಆ ದಾರಿಯಲ್ಲಿ ಪ್ರಯಾಣಿಸುವಾಗ 'ಕಾರ್ಮೆಲ್ 26 ಮೈಲಿ' ಎಂಬ ಬರಹವನ್ನು ನೋಡುತ್ತಿದ್ದರು. 26 ಮೈಲಿ ಎಂದರೆ ಹೆಚ್ಚು ಕಡಿಮೆ ಒಂದು ಮ್ಯಾರಥಾನ್ ತಾನೇ? ಬೇರೆಯವರು ಓದಿ ಮುಂದೆ ಹೋದ ಫಲಕ ಅವರ ತಲೆಯಲ್ಲಿ ಉಳಿಯಿತು. 1986ರಲ್ಲಿ ಮೊದಲ ಓಟ ನಡೆಯಿತು. ಆ ಇಸವಿಯನ್ನು ಸ್ವಲ್ಪ ಗಮನಿಸಿ. ಅದಕ್ಕೆ ಎರಡೇ ವರ್ಷ ಮೊದಲು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ, ಮಹಿಳೆಯರಿಗೆ ಪ್ರಥಮ ಬಾರಿ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿತ್ತು. ಅಲ್ಲಿಯ ತನಕ ಹೆಣ್ಣಿನ ದೇಹ ಅಷ್ಟು ದೂರವನ್ನು ತಾಳಲಾರದು ಎಂಬ ಮಾತು ಬಲವಾಗಿತ್ತು. 1967ರಲ್ಲಿ ಬಾಸ್ಟನ್ ಓಟದಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ಯುವತಿ ಓಡುತ್ತಿದ್ದಾಗ ಸಂಘಟಕರೊಬ್ಬರು ಹಿಂದಿನಿಂದ ಬಂದು ಆಕೆಯ ನಂಬರ್ ಚೀಟಿಯನ್ನು ಕಿತ್ತುಕೊಳ್ಳಲು ಕೈ ಹಾಕಿದ್ದರು. ಮನೆಯ ನೀರು, ಕಟ್ಟಿಗೆ ಹೊರುವಾಗ ಯಾರಿಗೂ ಕಾಣದ ಹೆಣ್ಣಿನ ದೌರ್ಬಲ್ಯ ಓಡುವಾಗ ಮಾತ್ರ ಕಂಡದ್ದು ಹೇಗೋ! ಬಿಗ್ ಸರ್‌ನಲ್ಲಿ ಮಾತ್ರ ಮೊದಲ ವರ್ಷದಿಂದಲೇ ಅಂಥ ತಡೆ ಇರಲಿಲ್ಲ.

ಬನ್ನಿ, ಓಟಗಾರರೊಂದಿಗೆ ಹೊರಡೋಣ.

ಸುಬ್ಹಿಗೂ ಬಹಳ ಮುಂಚೆ, ನಸುಕಿನ ನಾಲ್ಕು ಗಂಟೆಯ ಸುಮಾರಿಗೆ, ಮಾಂಟೆರೆಯಲ್ಲಿ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ರಸ್ತೆ ಇರುವುದೇ ಒಂದು. ಓಡಿ ಬರಬೇಕಾದುದೂ ಅದರಲ್ಲೇ. ಆದ್ದರಿಂದ ಎಲ್ಲರನ್ನೂ ಕತ್ತಲಲ್ಲೇ ಆ ತುದಿಗೆ ಸಾಗಿಸಬೇಕು. ಈ ಬಸ್ ಪ್ರಯಾಣವೇ ಮೊದಲ ಪರೀಕ್ಷೆ ಎಂದು ಓಡಿ ಬಂದವರು ಹೇಳುತ್ತಾರೆ. ಹೊರಗೆ ಏನೂ ಕಾಣದು. ಬಸ್ಸು ತಿರುವುಗಳಲ್ಲಿ ವಾಲುತ್ತಾ, ಏರುತ್ತಾ, ಇಳಿಯುತ್ತಾ ಹೋಗುತ್ತಲೇ ಇರುತ್ತದೆ. ಸುಮಾರು ಒಂದು ಗಂಟೆ ಕುಳಿತು ಬಂದ ಈ ದೂರವನ್ನು ಈಗ ನನ್ನ ಕಾಲಲ್ಲಿ ಹಿಂತಿರುಗಿ ಓಡಬೇಕೇ ಎಂಬ ಯೋಚನೆ ಬಂದು ಬಸ್ಸಿನೊಳಗೆ ಮಾತು ನಿಲ್ಲುತ್ತದೆ. ಇಳಿದರೆ ಚಳಿ. ಆಕಾಶ ಮುಚ್ಚುವ ರೆಡ್‌ವುಡ್ ಮರಗಳು. ಜಗತ್ತಿನ ಅತಿ ಎತ್ತರದ ಮರಗಳ ಜಾತಿಯಿದು. ಕಡಲಿನಿಂದ ಬರುವ ಮಂಜನ್ನು ಎಲೆಗಳಲ್ಲಿ ಹಿಡಿದು, ಹನಿಯಾಗಿಸಿ, ಬುಡಕ್ಕೆ ಇಳಿಸಿಕೊಂಡು ಬೇಸಿಗೆ ಕಳೆಯುವ ಮರ. ಅದರ ಕೆಳಗೆ ಸಾವಿರಾರು ಜನ ಹಳೆಯ ಸ್ವೆಟರ್ ಹೊದ್ದು, ಕೈ ಉಜ್ಜಿಕೊಳ್ಳುತ್ತಾ ಬೆಳಕಿಗಾಗಿ ಕಾಯುತ್ತಾರೆ.

ಏಳು ಗಂಟೆಗೂ ಸ್ವಲ್ಪ ಮುಂಚೆ ಓಟ ಆರಂಭ. ಮೊದಲ ಐದು ಮೈಲಿ ಕಾಡಿನೊಳಗೆ ಹೆಚ್ಚಾಗಿ ಇಳಿಜಾರು. ಕಾಲು ತಾನಾಗಿಯೇ ಓಡುತ್ತದೆ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಇಂದು ನನ್ನ ದಿನ ಎಂದುಕೊಂಡು ವೇಗ ಹೆಚ್ಚಿಸಿದವರು ಆ ಸಾಲವನ್ನು ಕೊನೆಯ ಮೈಲಿಗಳಲ್ಲಿ ಬಡ್ಡಿ ಸಹಿತ ತೀರಿಸುತ್ತಾರೆ.

ಕಾಡು ಮುಗಿದೊಡನೆ ಬಾಗಿಲು ತೆರೆದಂತೆ ಬಯಲು. ಹಸಿರು ಹುಲ್ಲುಗಾವಲು, ಬೇಲಿಯ ಆಚೆ ಮೇಯುವ ದನಗಳು, ಅದರಾಚೆ ಕಡಲು. ಒಂದು ಒಂಟಿ ಬಂಡೆಗುಡ್ಡದ ಮೇಲೆ ಪಾಯಿಂಟ್ ಸರ್ ದೀಪಸ್ತಂಭ. 1889ರಿಂದ ಹಡಗುಗಳಿಗೆ ದಾರಿ ತೋರಿಸಿದ ದೀಪ ಅದು. ನೋಡಲು ಬಲು ಚಂದ. ಆದರೆ ಅಲ್ಲಿಯೇ ಗಾಳಿಯೂ ಎದುರಾಗುತ್ತದೆ. ವಸಂತಕಾಲದಲ್ಲಿ ಆ ಕರಾವಳಿಯ ಗಾಳಿ ವಾಯುವ್ಯದಿಂದ ಬೀಸುತ್ತದೆ. ಓಟವೋ ಉತ್ತರಕ್ಕೆ. ಎಂದರೆ ಗಾಳಿ ಮುಖಕ್ಕೇ. ಭೂಗೋಳ ಪಾಠದಲ್ಲಿ ನಾವು ಮಕ್ಕಳಿಗೆ ಹೇಳುವ ಕಡಲ ಗಾಳಿಯ ನಿಯಮ ಇಲ್ಲಿ ಒಂದು ವಿಚಿತ್ರ ಅನ್ಯಾಯ ಮಾಡುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿಯ ಬಲವೂ ಹೆಚ್ಚುತ್ತದೆ. ಬಲಿಷ್ಠರು ಬೆಳಗಿನ ಮೆಲು ಗಾಳಿಯಲ್ಲೇ ಗುರಿ ಮುಟ್ಟಿಬಿಡುತ್ತಾರೆ. ನಿಧಾನವಾಗಿ ಬರುವ ಐವತ್ತರ ತಾಯಿ, ಮೊದಲ ಬಾರಿ ಓಡುವ ಗುಮಾಸ್ತ, ಇಂಥವರ ಪಾಲಿಗೆ ಜೋರು ಗಾಳಿ!

ಹತ್ತನೇ ಮೈಲಿಯ ಹತ್ತಿರ ಲಿಟ್ಲ್ ಸರ್ ನದಿ ಕಡಲು ಸೇರುತ್ತದೆ. ಅಲ್ಲಿಗೆ ಬರುವ ಮೊದಲೇ ಎದೆ ನಡುಗಿಸುವ ಸದ್ದು ಕೇಳುತ್ತದೆ. ಜಪಾನಿನ ದೊಡ್ಡ ಟೈಕೊ ನಗಾರಿಗಳವು. ಅದೇಕೆ ಅಲ್ಲಿ ನಗಾರಿ ಎಂದು ತಲೆ ಎತ್ತಿ ನೋಡಿದವರಿಗೆ ಉತ್ತರ ಸಿಗುತ್ತದೆ. ಬೆಟ್ಟದ ಮೈಗೆ ಅಂಟಿಕೊಂಡ ರಸ್ತೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತಿದೆ. ಅದರ ಮೇಲೆ ಇರುವೆ ಸಾಲಿನಂತೆ ಜನ. ಇದು ಹರಿಕೇನ್ ಪಾಯಿಂಟ್. ಹೆಸರೇ ಹೇಳುವಂತೆ ಬಿರುಗಾಳಿಯ ಕೋಡು. ಎರಡು ಮೈಲಿಯಲ್ಲಿ 500 ಅಡಿಗೂ ಮಿಕ್ಕಿ ಏರಬೇಕು. ಐವತ್ತು ಮಹಡಿಯ ಕಟ್ಟಡದ ಎತ್ತರವೆಂದುಕೊಳ್ಳಿ. ತಿರುವಿನಲ್ಲಿ ಗಾಳಿ ಒಮ್ಮೆ ಹಿಡಿದು ನಿಲ್ಲಿಸುತ್ತದೆ, ಇನ್ನೊಮ್ಮೆ ಬದಿಗೆ ತಳ್ಳುತ್ತದೆ. ಟೊಪ್ಪಿ ಹಾರಿಹೋಗುತ್ತದೆ. ಬೇರೆ ಓಟಗಳಲ್ಲಿ ನಡೆಯುವುದನ್ನು ಅವಮಾನವೆಂದುಕೊಳ್ಳುವವರೂ ಇಲ್ಲಿ ಮುಜುಗರವಿಲ್ಲದೆ ನಡೆಯುತ್ತಾರೆ. ವರ್ಷಾನುಗಟ್ಟಲೆ ಗಡಿಯಾರದೊಂದಿಗೆ ಗುದ್ದಾಡಿದವರು ಈ ಏರಿನಲ್ಲಿ ಅದನ್ನು ನೋಡುವುದನ್ನೇ ಬಿಟ್ಟೆವು ಎನ್ನುತ್ತಾರೆ. ನೋಡಿ ಪ್ರಯೋಜನವೂ ಇಲ್ಲ.

ತುದಿ ಮುಟ್ಟಿ ಇಳಿಯತೊಡಗಿದಾಗ ಕೆಳಗೆ ಬಿಕ್ಸ್‌ಬಿ ಸೇತುವೆ ಕಾಣುತ್ತದೆ. 1932ರಲ್ಲಿ ಕಟ್ಟಿದ ಕಾಂಕ್ರೀಟ್ ಕಮಾನು. ಉದ್ದ 714 ಅಡಿ, ಕಣಿವೆಯ ತಳದಿಂದ 260 ಅಡಿಗೂ ಎತ್ತರ. ಕ್ಯಾಲೆಂಡರ್ ಚಿತ್ರಗಳಲ್ಲಿ, ಸಿನಿಮಾಗಳಲ್ಲಿ ನೀವು ನೋಡಿರಲೂಬಹುದು. ಸರಿಯಾಗಿ ಅರ್ಧ ದೂರ ಮುಗಿಯುವುದು ಇಲ್ಲಿಯೇ. ಸೇತುವೆಯ ಹತ್ತಿರ ಬಂದಂತೆ ಗಾಳಿಯ ನಡುವೆ ಪಿಯಾನೊ ನಾದ ತೇಲಿ ಬರುತ್ತದೆ. ರಸ್ತೆ ಬದಿಯಲ್ಲಿ, ಪ್ರಪಾತದ ಅಂಚಿಗೆ, ಕಪ್ಪು ಕೋಟು ತೊಟ್ಟ ಒಬ್ಬರು ದೊಡ್ಡ ಪಿಯಾನೊ ಇಟ್ಟುಕೊಂಡು ನುಡಿಸುತ್ತಿರುತ್ತಾರೆ. ಆ ಓಟದ ಹಳೆಯ ಸಂಪ್ರದಾಯವದು. ನಿಮಿಷ, ಸೆಕೆಂಡುಗಳ ಲೆಕ್ಕ ಹಾಕಿ ಬಂದವರು ಅಲ್ಲಿ ನಿಂತುಬಿಡುತ್ತಾರೆ. ಗುರುತಿಲ್ಲದವರ ಕೈಗೆ ಕ್ಯಾಮರಾ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲವರು ಅಳುತ್ತಾರೆ. ದಣಿದ ದೇಹಕ್ಕೆ ಅಳು ಬರಲು ದೊಡ್ಡ ಕಾರಣ ಬೇಕಿಲ್ಲ. ಮೂರು ಮಕ್ಕಳನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಒಬ್ಬರೇ ಕುಳಿತಾಗ ಯಾವುದೋ ಹಳೆಯ ದನಿ ಕೇಳಿ ಕಣ್ಣು ತುಂಬಿದ ಅನುಭವ ನಿಮಗೂ ಇರಬಹುದು.

ಸುಂದರ ಭಾಗದ ವರ್ಣನೆಯನ್ನು ಎಲ್ಲರೂ ಬರೆಯುತ್ತಾರೆ. ಓಟ ನಿಜವಾಗಿ ಶುರುವಾಗುವುದು ಅದರ ನಂತರ.

ಮನುಷ್ಯನ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಸುಮಾರು 30 ಕಿಲೋಮೀಟರ್ ಓಡುವಷ್ಟರಲ್ಲಿ ಅದು ಬರಿದಾಗುತ್ತಾ ಬರುತ್ತದೆ. ಆಗ ಗೋಡೆಗೆ ಬಡಿದಂತೆ ಆಗುತ್ತದೆ. ರಮಝಾನಿನ ಬೇಸಿಗೆಯ ಉಪವಾಸದಲ್ಲಿ ಅಸರ್ ನಂತರದ ಹೊತ್ತು ಹೇಗಿರುತ್ತದೆ ಹೇಳಿ. ಅಂಥ ಹೊತ್ತಿನಲ್ಲಿ ಯಾರಾದರೂ ನಿಮ್ಮನ್ನು ಗುಡ್ಡ ಹತ್ತಿಸಿದರೆ ಆಗುವ ಸ್ಥಿತಿಯೇ ಇದು. ಬಿಗ್ ಸರ್‌ನ ಕೊನೆಯ ಮೈಲಿಗಳು ಸಮತಟ್ಟಲ್ಲ. ಕಾರ್ಮೆಲ್ ಹೈಲ್ಯಾಂಡ್ಸ್ ಎಂಬಲ್ಲಿ ಏರು, ಇಳಿತ, ಮತ್ತೆ ಏರು. ಸಾಲದ್ದಕ್ಕೆ ರಸ್ತೆಯೂ ಬದಿಗೆ ವಾಲಿದೆ. ಮಳೆನೀರು ಹರಿಯಲೆಂದು, ತಿರುವಿನಲ್ಲಿ ವಾಹನ ಜಾರದಿರಲೆಂದು ಎಂಜಿನಿಯರುಗಳು ಕೊಟ್ಟ ಓರೆ ಅದು. ಕಾರಿನವರಿಗೆ ಅದು ಉಪಕಾರ. ಗಂಟೆಗಟ್ಟಲೆ ಓಡುವವರಿಗೆ ಒಂದು ಕಾಲು ಗಿಡ್ಡವಾದಂತೆ. ಸೊಂಟ, ಮೊಣಕಾಲು ನೋಯತೊಡಗಿದ ಮೇಲೆ ಜನ ಕಡಲು ನೋಡುವುದನ್ನು ಬಿಟ್ಟು ರಸ್ತೆಯ ನಡುವಿನ ಸಮತಟ್ಟು ಗೆರೆಯನ್ನು ಹುಡುಕುತ್ತಾರೆ. ಎಡಗಡೆ ದೂರದ ನೀರಿನಲ್ಲಿ ಬೂದು ತಿಮಿಂಗಿಲಗಳು ಮೆಕ್ಸಿಕೋದ ಕೊಲ್ಲಿಗಳಲ್ಲಿ ಹೆತ್ತ ಮರಿಗಳನ್ನು ಪಕ್ಕಕ್ಕಿಟ್ಟುಕೊಂಡು ಅಲಾಸ್ಕದ ಕಡೆಗೆ ಈಜುವ ಕಾಲವದು. ಅವೂ ಉತ್ತರಕ್ಕೇ ಹೊರಟಿವೆ. ಕಾಣುವ ಭಾಗ್ಯ ಕೆಲವರಿಗೆ ಮಾತ್ರ.

23ನೇ ಮೈಲಿಯ ಸುತ್ತಮುತ್ತ ಸ್ವಯಂಸೇವಕರು ತಟ್ಟೆ ತುಂಬ ಸ್ಟ್ರಾಬೆರಿ ಹಿಡಿದು ನಿಂತಿರುತ್ತಾರೆ. ಆ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ಹಣ್ಣು. ಗಂಟಲು ಒಣಗಿ, ಸಿಹಿ ಪಾನಕ ಕುಡಿದು ಬಾಯಿ ಜಡ್ಡುಗಟ್ಟಿದಾಗ ಆ ಒಂದು ತಣ್ಣನೆಯ ಹಣ್ಣಿನ ರುಚಿಯನ್ನು ವರ್ಷಗಳ ನಂತರವೂ ವರ್ಣಿಸುವವರಿದ್ದಾರೆ. ಸೇತುವೆಯನ್ನಾದರೂ ಮರೆತಾರು, ಆ ಹಣ್ಣನ್ನು ಮರೆಯಲಾರರು.

ಆದರೆ ಹಿಂದೆ ಉಳಿದವರ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೆಯುತ್ತಿರುತ್ತದೆ. ರಸ್ತೆ ಸಿಕ್ಕಿರುವುದು ಎರವಲು. ಓಟ ಮುಗಿಸಲು ಆರು ಗಂಟೆಗಳ ಮಿತಿ. ನಂತರ ಹೆದ್ದಾರಿ ಮತ್ತೆ ವಾಹನಗಳಿಗೆ ಸೇರಬೇಕು. ಹಿಂದಿನಿಂದ ಬಸ್ಸೊಂದು ನಿಧಾನವಾಗಿ ಬರುತ್ತಿರುತ್ತದೆ. ತೀರಾ ಹಿಂದೆ ಬಿದ್ದವರು ಅದನ್ನು ಹತ್ತಬೇಕು. ನಾಲ್ಕೈದು ತಿಂಗಳು, ಮನೆಯವರು ಏಳುವ ಮುನ್ನ ಎದ್ದು ಅಭ್ಯಾಸ ಮಾಡಿ ಬಂದವಳೊಬ್ಬಳು 20ನೇ ಮೈಲಿಯಲ್ಲಿ ಹಿಂದಿರುಗಿ ನೋಡಿ ಆ ಬಸ್ಸಿನ ದೀಪ ಕಂಡರೆ ಹೇಗಾಗಬೇಡ! ಮೊದಲು ಬಂದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಐದು ಗಂಟೆ ಐವತ್ತೈದು ನಿಮಿಷಕ್ಕೆ ಬಂದವರ ಓಟವೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅವರು ಹೆಚ್ಚು ಹೊತ್ತು ಗಾಳಿಗೆ ಮುಖ ಕೊಟ್ಟಿದ್ದಾರೆ.

ಈ ಮಾತಿಗೆ ಸಾರಾ ಅತ್ತಾರ್ ನೆನಪಾಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲೇ ಬೆಳೆದ, ಸೌದಿ ತಂದೆಯ ಮಗಳು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸೌದಿ ಅರೇಬಿಯಾದ ಪರವಾಗಿ ತಲೆವಸ್ತ್ರ, ಉದ್ದ ತೋಳಿನ ಉಡುಪು ಧರಿಸಿ 800 ಮೀಟರ್ ಓಡಿದರು. ಉಳಿದವರಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ, ಕೊನೆಯವರಾಗಿ ಬಂದರು. ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾಲ್ಕು ವರ್ಷಗಳ ನಂತರ, 2016ರ ರಿಯೊ ಒಲಿಂಪಿಕ್ಸಿನಲ್ಲಿ ಆಕೆ ಪೂರ್ತಿ ಮ್ಯಾರಥಾನನ್ನೇ ಓಡಿ ಮುಗಿಸಿದರು. ಬಿಗ್ ಸರ್‌ನಲ್ಲಿ ಓಡಲಾಗದವರಿಗೆ ಅದೇ ದಿನ, ಅದೇ ರಸ್ತೆಯಲ್ಲಿ 21 ಮೈಲಿಯದೂ, ಅದಕ್ಕಿಂತ ಕಡಿಮೆ ದೂರದ್ದೂ ಇವೆ. ಅವುಗಳಲ್ಲಿ ನಡೆಯುವವರೇ ಬಹಳ. ಮೊಮ್ಮಕ್ಕಳಿರುವ ಹೆಂಗಸರು ಗೆಳತಿಯರೊಂದಿಗೆ ಮಾತನಾಡುತ್ತಾ ಗಂಟೆಗಟ್ಟಲೆ ಕಡಲ ಬದಿಯಲ್ಲಿ ನಡೆದು ಬರುತ್ತಾರೆ.

ಇಷ್ಟೆಲ್ಲ ಸಿದ್ಧತೆ ಮಾಡಿದರೂ ರಸ್ತೆಯೇ ಇಲ್ಲದಾದರೆ? ಅದೂ ಆಗಿದೆ. 2011ರ ಮಾರ್ಚ್‌ನಲ್ಲಿ, ಓಟಕ್ಕೆ ಕೆಲವೇ ವಾರಗಳಿರುವಾಗ, ರಾಕಿ ಕ್ರೀಕ್ ಬಳಿ ರಸ್ತೆಯ ಒಂದು ಪಾರ್ಶ್ವ ಕುಸಿದು ಕಡಲಿಗೆ ಬಿತ್ತು. ಕಾರ್ಮೆಲ್‌ನಿಂದ ಹೊರಟು ನಡುವೆಯೇ ತಿರುಗಿ ಬರುವಂತೆ ಓಟದ ದಾರಿಯನ್ನು ಬದಲಿಸಿದರು. 2020 ಮತ್ತು 2021ರಲ್ಲಿ ಕೊರೋನಾದಿಂದ ಏಪ್ರಿಲ್ ಓಟ ನಡೆಯಲಿಲ್ಲ. 2024ರ ಮಾರ್ಚ್ 30ರಂದು ಮಳೆಗೆ ರಾಕಿ ಕ್ರೀಕ್‌ನಲ್ಲೇ ಮತ್ತೆ ಕುಸಿತ. ಆ ವರ್ಷವೂ ಸೇತುವೆಯ ದರ್ಶನವಿಲ್ಲದೆ ಹೋಗಿ ಬರುವ ಓಟ. ವರ್ಷಗಟ್ಟಲೆ ಆಸೆಪಟ್ಟು ದೂರದ ಊರುಗಳಿಂದ ಬಂದವರು ನಿರಾಶರಾದರು. ಆದರೂ ಓಡಿದರು. ಅದೇ 2024ರ ಜುಲೈಯಲ್ಲಿ ನಮ್ಮ ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದುದನ್ನು ನೀವು ಮರೆತಿರಲಾರಿರಿ. ಕಡಲಿಗೂ ಬೆಟ್ಟಕ್ಕೂ ನಡುವೆ ಕಡಿದ ರಸ್ತೆಗಳ ಸ್ಥಿತಿ ಎಲ್ಲೆಡೆಯೂ ಒಂದೇ. ಅಲ್ಲಿ ಓಟಗಾರರ ದಾರಿ ಬದಲಾಯಿತು. ಇಲ್ಲಿ ಮನೆಗಳೇ ಬರಿದಾದವು.

ಕೊನೆಯ ಏರನ್ನು ಇಳಿದರೆ ಕಾರ್ಮೆಲ್ ನದಿ, ಅದರಾಚೆ ಮುಕ್ತಾಯದ ಗೆರೆ. ಕಾರ್ಮೆಲ್ ಮೂರು ಸಾವಿರ ಚಿಲ್ಲರೆ ಜನರ ಪುಟ್ಟ ಪಟ್ಟಣ. ಅಂದು ಅದಕ್ಕಿಂತ ಹೆಚ್ಚು ಜನ ಅದರ ಅಂಚಿಗೆ ಕುಂಟುತ್ತಾ ಬಂದು ಸೇರುತ್ತಾರೆ. ಬಂದವರ ಕೊರಳಿಗೆ ಒಂದು ಪದಕ. ಲೋಹದ್ದಲ್ಲ, ಕೈಯಿಂದ ಮಾಡಿದ ಮಣ್ಣಿನ ಬಿಲ್ಲೆ, ಅದಕ್ಕೊಂದು ಚರ್ಮದ ದಾರ. ಬಿದ್ದರೆ ಒಡೆಯುತ್ತದೆ. ಅದಕ್ಕೇ ಏನೋ, ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು ಊರಿಗೆ ಒಯ್ಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸ್ವಯಂಸೇವಕರು ರಸ್ತೆಯಲ್ಲಿ ಬಿದ್ದ ಕಾಗದದ ಲೋಟಗಳನ್ನು ಹೆಕ್ಕಿ ಚೀಲಕ್ಕೆ ತುಂಬುತ್ತಾರೆ, ಪಿಯಾನೊವನ್ನು ಲಾರಿಗೆ ಏರಿಸುತ್ತಾರೆ. ತಡೆ ತೆಗೆಯುತ್ತಿದ್ದಂತೆ ಕಾರುಗಳು ಒಂದರ ಹಿಂದೊಂದು ದಕ್ಷಿಣಕ್ಕೆ ಹೊರಡುತ್ತವೆ.