ಎಂಟು ಜನ, ಒಂದು ದುಂಡು ಮೇಜು

ದುಂಡು ಮೇಜಿನ ಸುತ್ತ ಎಂಟು ಜನ ಕೂತಿದ್ದಾರೆ. ಎಲ್ಲರ ಮುಖವೂ ಮೇಜಿನ ಕಡೆಗೆ. ಯಾರ ಪಕ್ಕದಲ್ಲಿ ಯಾರಿದ್ದಾರೆ ಗೊತ್ತಿಲ್ಲ. ಅವರು ಕೂರಬಹುದಾದ ಬಗೆಗಳು ಒಟ್ಟು 5040. ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ವಿಭಾಗದಲ್ಲಿ ಇದರ ಕೆಳಗೆ ಆರೇಳು ಸಾಲಿನ ಸುಳಿವು ಇರುತ್ತದೆ. ಆ ಸಾಲುಗಳನ್ನು ಸರಿಯಾಗಿ ಓದಿ ಮುಗಿಸಿದರೆ 5039 ಬಗೆಗಳು ಬಿದ್ದುಹೋಗಿ ಒಂದೇ ಒಂದು ಉಳಿಯುತ್ತದೆ. ನನಗೆ ಇದರಷ್ಟು ಖುಷಿ ಕೊಡುವ ಆಟ ಇನ್ನೊಂದಿಲ್ಲ. ಕೆಲಸ ಸಿಕ್ಕಿ, ಬ್ಯಾಂಕಿನ ಕೌಂಟರಿನ ಒಳಗೆ ಕೂತು ವರ್ಷಗಳಾದವು. ಈಗಲೂ ರಾತ್ರಿ ಊಟ ಮುಗಿದ ಮೇಲೆ ಒಂದು ಪಜಲ್ ಬಿಡಿಸದೆ ಮಲಗಲು ಮನಸ್ಸು ಬರುವುದಿಲ್ಲ.

ನಾನು ತಯಾರಿ ನಡೆಸಿದ್ದು ಧಾರವಾಡದಲ್ಲಿ. ಸಪ್ತಾಪುರದ ಬೀದಿಗಳಲ್ಲಿ ಓಡಾಡಿದವರಿಗೆ ಗೊತ್ತು: ಒಂದು ಕೋಚಿಂಗ್ ಸೆಂಟರು, ಪಕ್ಕದಲ್ಲೊಂದು ಪಿ.ಜಿ., ಅದರಾಚೆ ಝೆರಾಕ್ಸ್ ಅಂಗಡಿ, ಮಹಡಿಯ ಮೇಲೆ ರೀಡಿಂಗ್ ರೂಮು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ ಎಂದು ಓದುವವರ ನಡುವೆ ನಮ್ಮ ಬ್ಯಾಂಕಿಂಗ್‌ನವರದ್ದು ಬೇರೆಯದೇ ಗುಂಪು. ಅವರ ಮುಂದೆ ಇತಿಹಾಸ, ಸಂವಿಧಾನ, ಭೂಗೋಳದ ದಪ್ಪ ನೋಟ್ಸು. ನಮ್ಮ ಮುಂದೆ ಆರ್.ಎಸ್. ಅಗರವಾಲರ ರೀಸನಿಂಗ್ ಪುಸ್ತಕ, ಒಂದು ಕಟ್ಟು ಬಿಳಿ ಹಾಳೆ, ಗಡಿಯಾರ. ಹಲವು ಬ್ಯಾಂಕ್ ಪರೀಕ್ಷೆಗಳ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, ಲೆಕ್ಕಕ್ಕೆ 35, ರೀಸನಿಂಗಿಗೆ 35. ಒಂದೊಂದು ವಿಭಾಗಕ್ಕೂ 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಹೋಗುತ್ತದೆ. ಪ್ರಶ್ನೆಗೆ ಹೆಚ್ಚುಕಡಿಮೆ 34 ಸೆಕೆಂಡು ಸಿಗುವ ಈ ಲೆಕ್ಕ ಕೇಳಿದ ಕೂಡಲೇ ಎಲ್ಲರೂ ವೇಗದ ಹಿಂದೆ ಬೀಳುತ್ತಾರೆ, ಟ್ರಿಕ್ಕು ಹುಡುಕುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲ ಕೆಲವು ತಿಂಗಳು ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡಬೇಕು. ಪಜಲ್ ಒಳಗೆ ಏನು ನಡೆಯುತ್ತದೆ ಎಂದು ಕಣ್ಣಾರೆ ಕಂಡವರಿಗೆ ವೇಗ ಹಿಂದಿನಿಂದ ತಾನೇ ಬರುತ್ತದೆ.

ಒಳಗೆ ಏನು ನಡೆಯುತ್ತದೆ ಎಂದು ತೋರಿಸುತ್ತೇನೆ. ಎ ಇಂದ ಎಚ್ ತನಕ ಎಂಟು ಜನ ಅನ್ನಿ. ಹಾಳೆಯ ಮೇಲೆ ಸುಳಿವುಗಳು ಈ ಕ್ರಮದಲ್ಲಿವೆ: ಎಚ್, ಎ-ಯ ಪಕ್ಕದಲ್ಲಿಲ್ಲ. ಜಿ, ಸಿ-ಯ ಪಕ್ಕದಲ್ಲಿಲ್ಲ. ಎಫ್ ಮತ್ತು ಜಿ ಅಕ್ಕಪಕ್ಕದಲ್ಲಿದ್ದಾರೆ. ಡಿ-ಯ ಎಡಕ್ಕೆ ಎರಡನೆಯವರು ಇ. ಬಿ ಮತ್ತು ಡಿ ನಡುವೆ ಇಬ್ಬರು ಕೂತಿದ್ದಾರೆ. ಬಿ, ಸಿ-ಯ ಎದುರಿಗಿದ್ದಾರೆ. ಎ-ಯ ಎಡಕ್ಕೆ ಮೂರನೆಯವರು ಸಿ.

ಮೇಲಿನಿಂದ ಓದಲು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಭಾನುವಾರ ಮಧ್ಯಾಹ್ನ ನನ್ನ ಮನೆಗೆ ಓದಲು ಬರುವ ಹುಡುಗಿಯೊಬ್ಬಳಿಗೆ ಇದನ್ನೇ ಕೊಟ್ಟಿದ್ದೆ. ಪೆನ್ನಿನ ತುದಿ ಕಚ್ಚುತ್ತ ಕೇಳಿದಳು, “ಅಕ್ಕಾರ, ಇದನ್ನ ಎಲ್ಲಿಂದ ಹಿಡೀಬೇಕ್ರಿ?”

“ಕಡೀ ಸಾಲಿಂದ ಹಿಡಿ,” ಅಂದೆ. “ಯಾವುದು ಗಟ್ಟಿ ಐತಿ, ಅದನ್ನ ಮೊದಲ ಕೂಡಿಸು.”

ಎ-ಯನ್ನು ಮೇಜಿನ ಯಾವ ಕುರ್ಚಿಯಲ್ಲಿ ಕೂರಿಸಿದರೂ ಒಂದೇ, ದುಂಡು ಮೇಜಿಗೆ ಮೂಲೆಯಿಲ್ಲ. ಮುಖ ಒಳಗಿರುವಾಗ ಎಡವೆಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕು. ಆ ಕಡೆಯ ಮೂರನೆಯ ಕುರ್ಚಿ ಸಿ-ಯದ್ದು. ಇಷ್ಟು ಬರೆದ ಕೂಡಲೇ 5040 ಬಗೆಗಳು 720ಕ್ಕೆ ಇಳಿದವು. ಸಿ-ಯ ಎದುರಿಗೆ ಬಿ, ಈಗ 120. ಬಿ ಮತ್ತು ಡಿ ನಡುವೆ ಇಬ್ಬರು ಎಂದಾಗ ದಾರಿ ಕವಲೊಡೆಯುತ್ತದೆ: ಡಿ, ಸಿ-ಯ ಬಲಗಡೆಯೂ ಇರಬಹುದು, ಎಡಗಡೆಯೂ ಇರಬಹುದು. ಹಾಳೆಯ ಮೇಲೆ ಎರಡನೆಯ ವೃತ್ತ ಬರೆಯಬೇಕು. ಎರಡೂ ವೃತ್ತ ಸೇರಿ 48 ಬಗೆ. ಡಿ-ಯ ಎಡಕ್ಕೆ ಎರಡನೆಯವರಾಗಿ ಇ ಬಂದರೆ 12. ಎಫ್ ಮತ್ತು ಜಿ ಅಕ್ಕಪಕ್ಕ ಕೂರಬೇಕಾದರೆ ಒಂದೊಂದು ವೃತ್ತದಲ್ಲೂ ಅಂಥ ಜೋಡಿ ಕುರ್ಚಿ ಒಂದೇ ಜಾಗದಲ್ಲಿ ಖಾಲಿ ಇದೆ. ಉಳಿದ ಒಂಟಿ ಕುರ್ಚಿ ಎಚ್‌ಗೆ. ಈಗ ಉಳಿದದ್ದು 4.

ಮೊದಲು ಕೈಗೆ ಹತ್ತದ ಆ ಎರಡು ‘ಇಲ್ಲ’ಗಳು ಕೆಲಸಕ್ಕೆ ಬರುವುದು ಇಲ್ಲಿ. ಮೊದಲ ವೃತ್ತದಲ್ಲಿ ಎಚ್‌ಗೆ ಸಿಕ್ಕ ಕುರ್ಚಿ ಎ-ಯ ಪಕ್ಕದ್ದೇ. ಎಚ್, ಎ-ಯ ಪಕ್ಕದಲ್ಲಿಲ್ಲ ಎಂದಮೇಲೆ ಆ ಇಡೀ ವೃತ್ತದ ಮೇಲೆ ಒಂದು ಅಡ್ಡಗೆರೆ. ಎರಡನೆಯ ವೃತ್ತದಲ್ಲಿ ಎಫ್, ಜಿ ಇಬ್ಬರಲ್ಲಿ ಒಬ್ಬರು ಸಿ-ಯ ಪಕ್ಕ ಬರಲೇಬೇಕು. ಜಿ ಅಲ್ಲ, ಹಾಗಾದರೆ ಎಫ್. ಎ-ಯಿಂದ ಎಡಕ್ಕೆ ಹೊರಟರೆ ಜಿ, ಎಫ್, ಸಿ, ಡಿ, ಎಚ್, ಇ, ಬಿ. ಮುಗಿಯಿತು.

ಈ ಘಳಿಗೆ ನನಗೆ ಎಷ್ಟು ಸಲ ಬಂದರೂ ಹಳೆಯದಾಗಿಲ್ಲ. ಯಾರು ಎಲ್ಲಿಲ್ಲ ಎಂದು ಮಾತ್ರ ಹೇಳುವ ಸುಳಿವನ್ನು ಹೊಸಬರು ಸಪ್ಪೆ ಎಂದು ತಳ್ಳಿಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಪ್ರೀತಿಯ ಸುಳಿವು. ಎಲ್ಲ ಗಟ್ಟಿ ಮಾತುಗಳೂ ಮುಗಿದು ಎರಡು ದಾರಿ ಮುಂದೆ ನಿಂತಾಗ ತೀರ್ಮಾನ ಹೇಳುವುದು ಅದು. ಮೇಲಿನ ಪಜಲ್‌ನಿಂದ ಎಚ್ ಬಗೆಗಿನ ಆ ಒಂದು ಸಾಲನ್ನು ತೆಗೆದುಹಾಕಿ ನೋಡಿ, ಉತ್ತರ ಮೂರಾಗುತ್ತದೆ. ಎಫ್ ಮತ್ತು ಜಿ ಅಕ್ಕಪಕ್ಕ ಎಂಬ ಸಾಲನ್ನು ತೆಗೆದರೆ ಏಳಾಗುತ್ತದೆ. ಒಂದು ಸಾಲೂ ಹೆಚ್ಚಿಲ್ಲ, ಒಂದು ಸಾಲೂ ಕಡಿಮೆಯಿಲ್ಲ. ಒಳ್ಳೆಯ ಪಜಲ್ ಎಂದು ನಾನು ಕರೆಯುವುದು ಇಂಥದ್ದನ್ನು.

ಕೊಟ್ಟ ಹೇಳಿಕೆಗಳಿಂದ ತೀರ್ಮಾನ ತೆಗೆಯುವ ಸಿಲಾಜಿಸಮ್‌ನ ರುಚಿ ಬೇರೆ. ಎಲ್ಲಾ ಮೋಡಗಳೂ ಕುರ್ಚಿಗಳು. ಕೆಲವು ಕುರ್ಚಿಗಳು ಆನೆಗಳು. ಹಾಗಾದರೆ ಕೆಲವು ಮೋಡಗಳು ಆನೆಗಳೇ? ಖಚಿತವಾಗಿ ಹೇಳಲು ಬರುವುದಿಲ್ಲ, ಇರಬಹುದು ಅಷ್ಟೆ. ಎರಡನೆಯ ವಾಕ್ಯವನ್ನು ಬದಲಿಸಿ, ಯಾವ ಕುರ್ಚಿಯೂ ಆನೆಯಲ್ಲ ಎಂದರೆ, ಯಾವ ಮೋಡವೂ ಆನೆಯಲ್ಲ ಎಂಬುದು ಬಂಡೆಯಷ್ಟು ಗಟ್ಟಿ. ಮೋಡ ಕುರ್ಚಿಯಾಗುವುದುಂಟೆ ಎಂದು ಕೇಳುವ ಹಾಗಿಲ್ಲ. ನಮ್ಮ ಹಳೆಯ ನ್ಯಾಯದರ್ಶನದ ತಾರ್ಕಿಕರು ಲೋಕದಲ್ಲಿಲ್ಲದ ಇಂಥ ಮಾತನ್ನು ಒಪ್ಪುತ್ತಿರಲಿಲ್ಲ. ಬೆಟ್ಟದಲ್ಲಿ ಬೆಂಕಿಯಿದೆ ಎನ್ನಲು ಹೊಗೆ ಕಾಣುವುದೊಂದೇ ಅವರಿಗೆ ಸಾಲದು. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡಿಗೆಮನೆಯಲ್ಲಿ ಕಂಡಿದ್ದೇವೆ ಎಂಬ ಉದಾಹರಣೆಯೂ ಬೇಕು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಮೆಟ್ಟಿಲು. ಅವರ ತರ್ಕದ ಕಾಲು ಲೋಕದ ಮೇಲೇ ಊರಿರಬೇಕು. ಬ್ಯಾಂಕ್ ಪರೀಕ್ಷೆಯ ಸಿಲಾಜಿಸಮ್ ಅರಿಸ್ಟಾಟಲನ ವಂಶದ್ದು. ಅದಕ್ಕೆ ಲೋಕ ಬೇಡ, ಮಾತಿನ ಜೋಡಣೆಯೊಂದೇ ಸಾಕು. ‘ಆಲಿಸ್’ ಕಥೆಗಳ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟರಾಗಿದ್ದರು. 1896ರಲ್ಲಿ ತರ್ಕದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರಲ್ಲಿ ಬೇಕೆಂದೇ ವಿಚಿತ್ರವಾದ ವಾಕ್ಯಗಳನ್ನು ಕೊಟ್ಟರು. ವಾಕ್ಯ ವಿಚಿತ್ರವಾದಷ್ಟೂ ನಮ್ಮ ಲೋಕಜ್ಞಾನ ನಡುವೆ ಬಾಯಿ ಹಾಕುವುದಿಲ್ಲ, ಜೋಡಣೆ ನಿಚ್ಚಳವಾಗಿ ಕಾಣುತ್ತದೆ.

ಇದಕ್ಕಾಗಿಯೇ ನನಗೆ ಸಿಲಾಜಿಸಮ್ ಮೇಲೆ ಗೌರವ. ಕೊಟ್ಟ ಮಾತನ್ನು ಕೊಟ್ಟಷ್ಟೇ ತೆಗೆದುಕೊಳ್ಳುವುದು ಸುಲಭವಲ್ಲ. ‘ಕೆಲವು’ ಎಂದಾಗ ‘ಉಳಿದವು ಅಲ್ಲ’ ಎಂದು ನಾವಾಗಿಯೇ ಸೇರಿಸಿಕೊಂಡುಬಿಡುತ್ತೇವೆ. ಈಚಿನ ಪತ್ರಿಕೆಗಳಲ್ಲಿ ‘ಕೆಲವು ಮಾತ್ರ’ ಎಂಬ ಇನ್ನೊಂದು ಬಗೆ ಬರುತ್ತದೆ. ಅಲ್ಲಿ ಆ ಅರ್ಥ ಸೇರಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಉತ್ತರ ತಪ್ಪುತ್ತದೆ. ಎಲ್ಲಿ ಸೇರಿಸಬೇಕು, ಎಲ್ಲಿ ಸೇರಿಸಬಾರದು ಎಂಬುದು ಕಣ್ಣಿಗೆ ಪಳಗಬೇಕು. ಕೌಂಟರಿನಲ್ಲಿ ಈಗ ನಾನು ಮಾಡುವುದೂ ಇದನ್ನೇ. ಚೆಕ್ಕು ಹಿಡಿದು ಬಂದವರು ಎಷ್ಟೇ ಪರಿಚಯದವರಾಗಿರಲಿ, ತಾರೀಖಿಗೆ ಮೂರು ತಿಂಗಳು ಮೀರಿದೆಯೇ, ಅಂಕಿ ಮತ್ತು ಅಕ್ಷರ ಹೊಂದುತ್ತವೆಯೇ ಎಂದು ನೋಡಬೇಕು. ಅವರ ಮನಸ್ಸಿನಲ್ಲಿರುವುದು ನನಗೆ ಗೊತ್ತಿದ್ದರೂ ಕಾಗದದ ಮೇಲಿರುವುದನ್ನೇ ಓದಬೇಕು.

ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕೇಳುವ ಇನ್‌ಈಕ್ವಾಲಿಟಿ ಚಿಕ್ಕದು, ಚುರುಕಾದದ್ದು. ಎರಡೂವರೆ ನಿಮಿಷದಲ್ಲಿ ಐದು ಅಂಕ ತರಬಲ್ಲದು. ದಿಕ್ಕಿನ ಪ್ರಶ್ನೆಗಳಿಗೆ ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಬೀಳುತ್ತದೆ ಎಂಬ ನೆನಪು, ಹಾಳೆಯ ಮೇಲೊಂದು ಕೂಡು ಚಿಹ್ನೆ ಸಾಕು. ಕೋಡಿಂಗ್-ಡಿಕೋಡಿಂಗ್ ನನಗೆ ಅಷ್ಟಾಗಿ ಹಿಡಿಸಿಲ್ಲ. ಅಕ್ಷರಗಳನ್ನು ಹಿಂದೆ ಮುಂದೆ ತಳ್ಳುವುದರಲ್ಲಿ ದುಡಿಮೆಯೇ ಹೆಚ್ಚು.

ರಕ್ತಸಂಬಂಧದ ಪ್ರಶ್ನೆಗಳ ಬಗ್ಗೆ ಮಾತ್ರ ಒಂದು ತಕರಾರಿದೆ. ಒಬ್ಬ ಹುಡುಗ ಫೋಟೋ ತೋರಿಸಿ, “ಇವಳು ನನ್ನ ಅಜ್ಜನ ಒಬ್ಬನೇ ಮಗನ ಮಗಳು” ಎನ್ನುತ್ತಾನೆ; ಇವಳು ಅವನಿಗೆ ಏನಾಗಬೇಕು? ತಂಗಿಯೋ ಅಕ್ಕನೋ ಎಂದು ಗೈಡುಗಳು ಉತ್ತರ ಕೊಡುತ್ತವೆ. ಅಜ್ಜ ತಾಯಿಯ ತಂದೆಯಾಗಿದ್ದರೆ? ಆಗ ಆ ಒಬ್ಬನೇ ಮಗ ಸೋದರಮಾವ, ಅವಳು ಮಾವನ ಮಗಳು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆ ಹುಡುಗನಿಗೆ ಅವಳನ್ನೇ ತಂದುಕೊಳ್ಳುವ ಮಾತೂ ಎದ್ದಿರುತ್ತದೆ. ತಂದೆಯ ತಂದೆ ಎಂದು ಬರೆಯಲು ಇನ್ನೊಂದೇ ಪದ ಬೇಕಿತ್ತು. ಪ್ರಶ್ನೆ ತೆಗೆಯುವವರು ಆ ಒಂದು ಪದದ ಜಿಪುಣತನ ಮಾಡಬಾರದು. ಓದುವವರಿಂದ ಅಷ್ಟೊಂದು ನಿಖರತೆ ಕೇಳುವ ಪತ್ರಿಕೆ ತಾನೂ ಅಷ್ಟೇ ನಿಖರವಾಗಿರಬೇಕು.

ಬಿಡುವುದನ್ನೂ ಕಲಿಯಬೇಕಾದ ವಿಭಾಗ ಇದು. ಪರೀಕ್ಷೆಯ 20 ನಿಮಿಷದಲ್ಲಿ ಮೂರು ಅಥವಾ ನಾಲ್ಕು ಪಜಲ್ ಎದುರಾಗುತ್ತವೆ. ಎಷ್ಟು ಜನ ನಿಂತಿದ್ದಾರೆಂದೇ ಹೇಳದ ಸಾಲು, ತಿಂಗಳು ಮತ್ತು ತಾರೀಖು ಎರಡೂ ಇರುವ ಪಟ್ಟಿ, ಒಂದರ ಮೇಲೊಂದು ಪೇರಿಸಿದ ಡಬ್ಬಿಗಳು. ಸುಳಿವುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಗಟ್ಟಿ ಸಾಲು ಎಷ್ಟಿವೆ, ಎಷ್ಟು ಕವಲು ಒಡೆಯಬಹುದು ಎಂದು ಅಂದಾಜು ಮಾಡಿ, ಇದು ಈಗ ಬೇಡ ಎಂದು ಮುಂದಕ್ಕೆ ಹೋಗುವುದು ದೊಡ್ಡ ವಿದ್ಯೆ. ಬಿಟ್ಟ ಪಜಲ್ ಮೇಲಿನ ಆಸೆ ಹೋಗುವುದಿಲ್ಲ. ನನ್ನ ಗೆಳತಿಯರು ಮಾಕ್ ಟೆಸ್ಟ್ ಮುಗಿದ ಕೂಡಲೇ ಅಂಕ ನೋಡುತ್ತಿದ್ದರು, ಕಟ್‌ಆಫ್ ಊಹಿಸುತ್ತಿದ್ದರು. ನಾನು ಬಿಟ್ಟುಬಂದ ಪಜಲನ್ನು ರಫ್ ಶೀಟಿನಲ್ಲಿ ಹರಡಿಕೊಂಡು ಕೂರುತ್ತಿದ್ದೆ. ಅಂಕವಿಲ್ಲದ ಆ ಅರ್ಧ ಗಂಟೆಯಲ್ಲಿ ಕಲಿತದ್ದೇ ಹೆಚ್ಚು.

ಇನ್ನೊಂದು ಕಾರಣಕ್ಕೂ ಈ ವಿಭಾಗ ನನಗೆ ಹತ್ತಿರ. ಇದಕ್ಕೆ ದೊಡ್ಡ ಗ್ರಂಥಾಲಯ ಬೇಕಿಲ್ಲ, ಯಾವ ರಾಜ ಯಾವಾಗ ಪಟ್ಟಕ್ಕೆ ಬಂದ ಎಂದು ಬಾಯಿಪಾಠ ಬೇಕಿಲ್ಲ. ಹೊಲದ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತ ಹುಡುಗನಿಗೂ, ನಗರದ ಹುಡುಗಿಗೂ ಕೈಯಲ್ಲಿರುವ ಸಾಮಾನು ಒಂದೇ. ಅಡ್ಡ ಬರುತ್ತಿದ್ದದ್ದು ಭಾಷೆ. “ಎಡಕ್ಕೆ ಮೂರನೆಯವರ ಪಕ್ಕದವರ ಎದುರಿಗೆ” ಎಂಬಂಥ ಮಾತನ್ನು ಇಂಗ್ಲಿಷಿನಲ್ಲಿ ಬಿಡಿಸಿಕೊಳ್ಳುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದಾಗ ನನಗೆ ಮೊದಲು ನೆನಪಾದದ್ದು ಸೀಟಿಂಗ್ ಅರೇಂಜ್‌ಮೆಂಟೇ. ಕನ್ನಡದಲ್ಲಿ ಓದಿದರೆ ಚಿತ್ರ ನೇರವಾಗಿ ಕಣ್ಣ ಮುಂದೆ ಬಂದು ಕೂರುತ್ತದೆ.

ಈಗ ಭಾನುವಾರ ಬರುವ ಆ ಹುಡುಗಿಗೆ ಪಜಲ್ ಕಟ್ಟುವ ಹುಚ್ಚು ಹಿಡಿಸಿದ್ದೇನೆ. ಬಿಡಿಸುವುದಕ್ಕಿಂತ ಕಟ್ಟುವುದರಲ್ಲಿ ಹೆಚ್ಚು ಕಲಿಯಬಹುದು: ಉತ್ತರವನ್ನು ಮೊದಲು ಬರೆದಿಟ್ಟುಕೊಂಡು, ಅದನ್ನು ಎಷ್ಟು ಕಡಿಮೆ ಮಾತಿನಲ್ಲಿ ಹೇಳಬಹುದು ಎಂದು ಹುಡುಕುತ್ತ ಹೋಗಬೇಕು. ಅವಳು ಕಟ್ಟಿದ್ದು ತಮ್ಮೂರ ಜಾತ್ರೆಯ ಪಂಕ್ತಿ ಊಟ. ಎದುರುಬದುರು ಎರಡು ಸಾಲು, ಸಾಲಿಗೆ ನಾಲ್ಕು ಎಲೆ. ಅಜ್ಜ ಕೂತ ಸಾಲಿನ ಮುಖ ಪೂರ್ವಕ್ಕೆ. ಯಾರ ಪಕ್ಕ ಯಾರು, ಯಾರ ಎದುರು ಯಾರು, ತುದಿಯಲ್ಲಿ ಯಾರು, ಎಲ್ಲವೂ ಇತ್ತು. ಬಿಡಿಸಿದರೆ ಎರಡು ಉತ್ತರ ಬಂದವು, ಒಂದು ಇನ್ನೊಂದರ ಕನ್ನಡಿಬಿಂಬ. ಪಕ್ಕ, ಎದುರು, ನಡುವೆ, ತುದಿ ಎಂಬ ಮಾತುಗಳು ಎಷ್ಟಿದ್ದರೂ ಕನ್ನಡಿಯಲ್ಲಿ ಅವು ಬದಲಾಗುವುದಿಲ್ಲ. ಒಂದು ಕಡೆಯಾದರೂ ಎಡ ಅಥವಾ ಬಲ ಎಂದು ಹೇಳಲೇಬೇಕು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ತುಸು ಹೊತ್ತು ನೋಡಿ, “ಖರೇನ ಅದರೀ!” ಅಂದಳು.

ಸೋಮವಾರ ಸಂಜೆ ಫೋನಿಗೆ ತಿದ್ದಿದ ಪಜಲಿನ ಫೋಟೋ ಬಂತು. ಅಜ್ಜನ ಎಡಕ್ಕೆ ಸೋದರತ್ತೆ ಎಂದು ಒಂದು ಸಾಲು ಸೇರಿತ್ತು. ಬಿಡಿಸಿದೆ; ಉತ್ತರ ಒಂದೇ. ಈಗ ಅಜ್ಜಿಯ ಬಗ್ಗೆ ಇರುವ ಒಂದು ಸುಳಿವು ಹೆಚ್ಚಾಗಿದೆ, ಅದಿಲ್ಲದೆಯೂ ಎಲ್ಲರೂ ತಮ್ಮ ತಮ್ಮ ಎಲೆಯ ಮುಂದೆ ಕೂರುತ್ತಾರೆ, ತೆಗೆದುಬಿಡು ಎಂಬುದು ನನ್ನ ವಾದ. ಇರಲಿ ಅಕ್ಕಾರ ಎಂಬುದು ಅವಳದ್ದು. ಬರುವ ಭಾನುವಾರ ಇಬ್ಬರೂ ಕೂತು ಅದನ್ನು ತೆಗೆದು ಒಮ್ಮೆ, ಇಟ್ಟು ಒಮ್ಮೆ ಬಿಡಿಸಿ ನೋಡಬೇಕು.